ಪಾರ್ಟಿ ಬಂದಿಲ್ಲ

ಆರೋಗ್ಯ ಇಲಾಖೆಯ ಜಿಲ್ಲಾ ಮಟ್ಟದ ಅಧಿಕಾರಿಗಳಿಗೆ ಅರ್ಜಿ ಬರಹಗಾರನೊಬ್ಬನ ಬಹಿರಂಗ ಪತ್ರ

ಮಾನ್ಯರೇ,

ಈ ಪದವನ್ನು ಹದಿನೇಳು ವರ್ಷಗಳಿಂದ ದಿನಕ್ಕೆ ಹತ್ತಾರು ಸಲ ಬರೆಯುತ್ತಿದ್ದೇನೆ. ಮೊಳಕಾಲ್ಮೂರಿನಲ್ಲಿ ತಾಲ್ಲೂಕು ಕಚೇರಿಯ ಎದುರಿಗೆ, ಬೇವಿನ ಮರದ ಕೆಳಗೆ, ಕಾಲು ಅಲ್ಲಾಡುವ ಮೇಜೊಂದನ್ನು ಹಾಕಿಕೊಂಡು ಓದುಬರಹ ಬಾರದವರ ಪರವಾಗಿ ಅರ್ಜಿ ಬರೆಯುವುದು ನನ್ನ ಹೊಟ್ಟೆಪಾಡು. ಆದ್ದರಿಂದ ನಿಮ್ಮಂಥವರ ಕಿವಿಗೆ ಯಾವ ಮಾತು ಹಿತ ಎಂಬುದು ನನಗೆ ಚೆನ್ನಾಗಿ ಗೊತ್ತು. ‘ತಮ್ಮ ದಿವ್ಯ ಸಮಕ್ಷಮಕ್ಕೆ’, ‘ಬಡವನ ಮೇಲೆ ಕೃಪೆದೋರಿ’, ‘ಪರಿಶೀಲಿಸಿ ಸೂಕ್ತ ಕ್ರಮ ಜರುಗಿಸಲು’ ಇತ್ಯಾದಿ ಸಾಮಾನುಗಳೆಲ್ಲ ನನ್ನ ಪೆಟ್ಟಿಗೆಯಲ್ಲಿವೆ. ಇವತ್ತು ಆ ಪೆಟ್ಟಿಗೆ ತೆರೆಯುವುದಿಲ್ಲ. ಮೊದಲ ಸಲ ನನ್ನದೇ ಮಾತಿನಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನನ್ನ ತಂಗಿ ಕ್ಯಾತಮ್ಮನಿಗೆ ಇಲ್ಲದ ರೋಗವೊಂದನ್ನು ನಿಮ್ಮ ಇಲಾಖೆಯ ಆಸ್ಪತ್ರೆ ೧೯೯೭ರಲ್ಲಿ ಕಿಟಕಿಯಿಂದ ಕೂಗಿ ಹೇಳಿತು. ಆ ಕೂಗು ಎರಡು ವರ್ಷದಲ್ಲಿ ಅವಳನ್ನು ಮುಗಿಸಿತು. ಅವಳಿಗೆ ನಿಜವಾಗಿ ಇದ್ದ ರೋಗ ಈಗ ನನ್ನ ಕಿರಿಯ ತಂಗಿ ರೂಪಳಿಗೆ ಬಂದಿದೆ. ಅದಕ್ಕೆ ಔಷಧಿ ಇದೆ. ಔಷಧಿ ಕೊಡಬೇಕಾದರೆ ರಕ್ತಪರೀಕ್ಷೆ ಆಗಬೇಕು. ಅಕ್ಕನಿಗೆ ಬಿದ್ದ ಕೂಗು ತನಗೂ ಬೀಳುತ್ತದೆಂದು ಹೆದರಿ ರೂಪ ತೋಳು ಚಾಚುವುದಿಲ್ಲ. ಒಬ್ಬಳನ್ನು ಕೊಂದಿದ್ದೀರಿ, ಇನ್ನೊಬ್ಬಳು ಊದಿದ ಕಾಲನ್ನು ಮುಂದೆ ಚಾಚಿಕೊಂಡು ಕೂತಿದ್ದಾಳೆ. ಆಸ್ಪತ್ರೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಊರಿನ ಹೆಸರಿನಲ್ಲಿ ಕಾಗುಣಿತ ತಪ್ಪಿದೆ ಎಂದು ಪತ್ರ ವಾಪಸು ಕಳಿಸುತ್ತೀರಿ. ನಿಮಗೆ ಗೊತ್ತೇ ಇದೆ.

ನಾವು ಹಟ್ಟಿಯ ಜನ, ಕುರಿ ಸಾಕಿದವರು. ಕ್ಯಾತಮ್ಮನನ್ನು ಚಳ್ಳಕೆರೆ ಕಡೆಯ ಒಂದು ಹಟ್ಟಿಗೆ, ನಮ್ಮ ಸೋದರತ್ತೆ ಹುಚ್ಚಕ್ಕನ ಮಗ ಜುಂಜಣ್ಣನಿಗೇ ಕೊಟ್ಟಿತ್ತು. ಮದುವೆಯಾದ ವರ್ಷವೇ ಅವಳ ಎರಡು ಕೆನ್ನೆ ಮತ್ತು ಮೂಗಿನ ಮೇಲೆ ಕೆಂಪು ಹರಡಿಕೊಂಡಿತು. ಹಟ್ಟಿಯವರು ಅಮ್ಮ ಬಂದಿದ್ದಾಳೆ ಎಂದರು. ಬೇವಿನ ನೀರಿನಲ್ಲಿ ಮುಖ ತೊಳೆಸಿದರು, ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತರು. ಮಳೆಗಾಲದಲ್ಲಿ ಕೆಂಪು ಇಳಿಯಿತು, ಬೇಸಿಗೆಗೆ ಮತ್ತೆ ಬಂತು. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಬಿಗಿದು ಕೊಡದ ಕಂಠ ಹಿಡಿಯಲಾಗುತ್ತಿರಲಿಲ್ಲ. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಯಿತು. ಮೂರನೆಯದು ನಿಂತಾಗ ನಾನೇ ಮುಂದೆ ಬಿದ್ದೆ. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವನು ನಾನು, ಆ ಕೊಬ್ಬೂ ಇತ್ತು. ಹರಕೆ ಸಾಕು, ಸರ್ಕಾರಿ ಆಸ್ಪತ್ರೆಗೆ ನಡಿ ಎಂದು ಅವಳನ್ನು ಬಸ್ಸು ಹತ್ತಿಸಿದೆ. ಮಾರಮ್ಮನ ಹತ್ತಿರವೇ ಬಿಟ್ಟಿದ್ದರೆ ಅವಳ ಮರ್ಯಾದೆಯಾದರೂ ಉಳಿಯುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯನ್ನು ಅವಳಿಗೂ ಮಾಡಿದಿರಿ. ಮೂರು ದಿನ ಬಿಟ್ಟು ಫಲಿತಾಂಶಕ್ಕೆ ಹೋದೆವು. ಕಿಟಕಿಯಲ್ಲಿದ್ದ ನಿಮ್ಮ ಸಿಬ್ಬಂದಿ ಚೀಟಿಯನ್ನು ನನ್ನ ಕಡೆ ತಳ್ಳಿ ‘ಪಾಸಿಟಿವ್’ ಎಂದರು. ನಾನು ಹಿಗ್ಗಿದೆ, ಮಾನ್ಯರೇ. ಹತ್ತನೇ ಕ್ಲಾಸಿನ ನನ್ನ ಇಂಗ್ಲಿಷಿನಲ್ಲಿ ಪಾಸಿಟಿವ್ ಎಂದರೆ ಪಾಸಿನ ಅಣ್ಣತಮ್ಮಂದಿರಲ್ಲಿ ಒಬ್ಬ. ಬೆಂಚಿನ ಮೇಲೆ ಕೂತಿದ್ದ ತಂಗಿಗೆ ಅಲ್ಲಿಂದಲೇ ಹೇಳಿದೆ: “ಪಾಸಾಗೈತೆ ಕಣವ್ವಾ, ಏನೂ ಹೆದರ್ಕಬ್ಯಾಡ.” ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಸಾಲಿನಲ್ಲಿದ್ದ ಹೆಂಗಸರೂ ಅವಳ ನಗು ನೋಡಿ ನಕ್ಕರು. ಆಗ ನಿಮ್ಮ ಸಿಬ್ಬಂದಿ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, ಸಾಲಿನ ಕೊನೆಯವರೆಗೂ ಕೇಳುವಂತೆ ಕೂಗಿದರು: “ಪಾಸಲ್ಲ ಕಣಯ್ಯ, ಗುಪ್ತರೋಗ! ಕ್ಯಾತಮ್ಮ ಗಂಡ ಜುಂಜಣ್ಣ ಅನ್ನೋಳ್ಗೆ ಗುಪ್ತರೋಗ ಐತೆ! ಗಂಡನ್ನ ಕರ್ಕಂಬಾ, ಅವನ್ದೂ ನೋಡ್ಬೇಕು!”

ಗುಪ್ತರೋಗ! ಆ ಹೆಸರಿನ ಮೊದಲ ಎರಡು ಅಕ್ಷರಕ್ಕೆ ಅರ್ಥವೇನೆಂದು ನಿಮ್ಮ ಇಲಾಖೆಯಲ್ಲಿ ಯಾರಿಗಾದರೂ ಗೊತ್ತಿದೆಯೇ? ಆ ಸಾಲಿನಲ್ಲಿ ನಮ್ಮ ಸುತ್ತಿನ ನಾಲ್ಕು ಹಟ್ಟಿಗಳ ಹೆಂಗಸರಿದ್ದರು. ನಾವು ಬಸ್ಸಿನಲ್ಲಿ ಊರು ತಲುಪುವ ಮುಂಚೆಯೇ ನಿಮ್ಮ ಸಿಬ್ಬಂದಿಯ ಧ್ವನಿ ಅಲ್ಲಿ ತಲುಪಿತ್ತು.

ಮರುದಿನ ಜುಂಜಣ್ಣ ಬಂದು ರಕ್ತ ಕೊಟ್ಟ. ಅವನಿಗೆ ಏನೂ ಇಲ್ಲ ಎಂದು ಬಂತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಹೇಗೂ ನಿಮಗೆ ಪುರಸೊತ್ತಿದೆ. ಗಂಡನಿಗೆ ಇಲ್ಲ, ಹೆಂಡತಿಗೆ ಇದೆ. ಇದರಿಂದ ಎರಡು ತೀರ್ಮಾನ ಸಾಧ್ಯ. ಒಂದೋ ಪರೀಕ್ಷೆ ತಪ್ಪಿರಬೇಕು, ಇಲ್ಲವೇ ಹೆಂಗಸು ತಪ್ಪಿರಬೇಕು. ಇಷ್ಟು ಓದಿದ ವೈದ್ಯರು, ಇಷ್ಟು ಸಂಬಳದ ತಂತ್ರಜ್ಞರು, ಇಷ್ಟು ದಪ್ಪ ರಿಜಿಸ್ಟರುಗಳಿದ್ದ ಆ ಕಟ್ಟಡದಲ್ಲಿ ಮೊದಲನೆಯ ತೀರ್ಮಾನ ಒಬ್ಬರ ತಲೆಗಾದರೂ ಹೊಳೆಯಬಾರದಿತ್ತೇ? ಹೊಳೆದಿತ್ತು ಎಂದು ಈಗ ಗೊತ್ತಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮುಟ್ಟಾದವರು, ಹೆತ್ತವರು, ಬಸಿರು ಇಳಿದವರು ಹಟ್ಟಿಯ ಹೊರಗೆ ಒಂದು ಗುಡ್ಲಿನಲ್ಲಿ ಇರಬೇಕು. ದಿನ ತುಂಬಿದ ಮೇಲೆ ನೀರು ಹಾಕಿಸಿ ಒಳಗೆ ಕರೆದುಕೊಳ್ಳುತ್ತಾರೆ. ಆ ಪದ್ಧತಿ ಸರಿಯೋ ತಪ್ಪೋ ನಿಮ್ಮ ಹತ್ತಿರ ವಾದ ಮಾಡುವುದಿಲ್ಲ, ಅದರ ಮೇಲೆ ಭಾಷಣ ಮಾಡಲು ನಿಮ್ಮವರು ಜೀಪಿನಲ್ಲಿ ಬಂದು ಹೋಗಿದ್ದಾರೆ. ಮೂರನೇ ಬಸಿರೂ ಇಳಿಯಿತು. ಕ್ಯಾತಮ್ಮ ಹೊರಗೆ ಕೂತಳು. ದಿನ ತುಂಬಿತು, ಒಳಗೆ ಕರೆಯಲು ಯಾರೂ ಬರಲಿಲ್ಲ. ನಾನು ಕೇಳಲು ಹೋದಾಗ ಹುಚ್ಚಕ್ಕ ನನ್ನ ಕೈಯಲ್ಲೇ ಆ ಚೀಟಿ ಕೊಟ್ಟಳು. “ಓದಪ್ಪಾ, ನೀನು ಓದ್ದೋನು. ಇದ್ರಾಗೆ ಏನು ಬರ್ದೈತೆ ಹಟ್ಟಿಗೆಲ್ಲ ಕೇಳಂಗೆ ಓದು. ಸುಳ್ಳು ಅಂತಿದ್ರೆ ಈಗ್ಲೇ ಒಳಕ್ಕೆ ಕರ್ಕಂತೀವಿ.” ನಾನು ಓದಿದೆ. ಬರೆದದ್ದನ್ನು ಬರೆದ ಹಾಗೆ ಓದುವುದು ನನ್ನ ಕಸುಬು. ತಂಗಿ ಗುಡ್ಲಿನ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ಮತ್ತೆ ನೀನೇಕೆ ಅವಳನ್ನು ಮನೆಗೆ ಕರೆತರಲಿಲ್ಲ ಎಂದು ನೀವು ಕೇಳಬಹುದು. ಕೇಳಿ. ಮೊಳಕಾಲ್ಮೂರಿನಲ್ಲಿ ನಾನು ಬಾಡಿಗೆ ಮನೆಯ ಮರ್ಯಾದಸ್ಥ. ಅವ್ವ ಮತ್ತು ರೂಪ ನನ್ನ ಜೊತೆಗಿದ್ದರು, ರೂಪ ಮನೆಯಲ್ಲೇ ನೇಕಾರರಿಗೆ ರೇಷ್ಮೆ ಸುತ್ತಿಕೊಡುತ್ತಿದ್ದಳು, ಮುಂದೆ ಅವಳ ಮದುವೆ ಆಗಬೇಕಿತ್ತು. ಇವೆಲ್ಲ ನೆಪ. ನಿಜ ಏನೆಂದರೆ ನಾನೂ ನಂಬಿದ್ದೆ. ಸರ್ಕಾರದ ಮೊಹರು ಇರುವ ಕಾಗದ ಸುಳ್ಳು ಹೇಳುತ್ತದೆ ಎಂದು ಯಾವ ಅರ್ಜಿ ಬರಹಗಾರ ತಾನೇ ನಂಬುತ್ತಾನೆ? ವಾರಕ್ಕೊಮ್ಮೆ ಹೋಗಿ ಗುಡ್ಲಿನಿಂದ ಹತ್ತು ಮಾರು ದೂರ ಬುತ್ತಿ ಇಟ್ಟು ಬರುತ್ತಿದ್ದೆ. ಒಂದು ಸಲ ಅವಳು “ಅಣ್ಣಾ, ನಾನು ಯಾವ ತಪ್ಪೂ ಮಾಡಿಲ್ಲ ಕಣಣ್ಣಾ” ಎಂದಳು. “ಆಯ್ತು ಬಿಡು” ಎಂದು ನೆಲ ನೋಡಿಕೊಂಡು ಬಂದೆ. ಚಳ್ಳಕೆರೆ ಸೀಮೆಯ ಎರಡು ಬೇಸಿಗೆಯನ್ನು ಅವಳು ಆ ಗುಡ್ಲಿನಲ್ಲಿ ಕಳೆದಳು. ಮುಖದ ಕೆಂಪು ಕಪ್ಪಾಯಿತು, ತಲೆಯ ಕೂದಲು ಹಿಡಿ ಹಿಡಿ ಬಂತು, ಕಾಲು, ಹೊಟ್ಟೆ, ರೆಪ್ಪೆ ಎಲ್ಲ ಊದಿಕೊಂಡವು. ನೋಡಿರೋ, ರೋಗ ಹೊರಗೆ ಬೀಳ್ತೈತೆ ಎಂದರು ಹಟ್ಟಿಯವರು. ೧೯೯೯ರ ಮೇ ತಿಂಗಳಲ್ಲಿ ಸತ್ತಳು. ಇಪ್ಪತ್ತನಾಲ್ಕು ವರ್ಷ.

ಇನ್ನು ವಿಜ್ಞಾನಕ್ಕೆ ಬರೋಣ. ಹೋದ ವರ್ಷ ಡಿಸೆಂಬರಿನಲ್ಲಿ ದೊಡ್ಡ ಊರಿನ ಸಂಶೋಧಕರ ತಂಡವೊಂದು ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಶಿಬಿರ ಹಾಕಿತು. ಲೂಪಸ್ ಎಂಬ ಕಾಯಿಲೆ ಏಷ್ಯಾದ ಜನರಲ್ಲಿ ಯಾಕೆ ಹೆಚ್ಚು, ಹುಟ್ಟಿನಿಂದ ಬಂದ ಯಾವ ವ್ಯತ್ಯಾಸಗಳು ಅದಕ್ಕೆ ದಾರಿ ಮಾಡುತ್ತವೆ ಎಂದು ನೋಡಲು ಅವರಿಗೆ ಬೇರೆ ಬೇರೆ ಜನಗಳ ರಕ್ತ ಬೇಕಿತ್ತು. ಕಾಯಿಲೆ ಇದ್ದವರದ್ದೂ ಬೇಕು, ಹೋಲಿಸಿ ನೋಡಲು ಇಲ್ಲದವರದ್ದೂ ಬೇಕು. ಒಪ್ಪಿಗೆಯ ಫಾರಂ ತುಂಬಿಸಲು ನನ್ನನ್ನೇ ಕೂರಿಸಿದರು. ಫಾರಮಿನ ಮೊದಲ ಸಾಲು ‘ಜನಸಮೂಹ: ಏಷ್ಯನ್’ ಎಂದು ಅಚ್ಚಾಗಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಸರಿದು ಕೂರುವವರು, ಹೋಟೆಲಿನಲ್ಲಿ ಲೋಟ ಎತ್ತಿಡು ಎನ್ನುವವರು, ಎಲ್ಲರೂ ಆ ಹೊತ್ತಿಗೆ ನನ್ನ ಜೊತೆ ಏಷ್ಯನ್ನರಾದರು. ಹಟ್ಟಿಯೊಳಗೇ ಜಾಗ ಸಿಗದ ಕ್ಯಾತಮ್ಮನಿಗೂ ಇಡೀ ಖಂಡವೊಂದು ಸಿಕ್ಕಿತಲ್ಲ ಎಂದು ನಗು ಬಂತು. ಆರನೇ ಪ್ರಶ್ನೆ ಬರುವವರೆಗೂ ನಗುತ್ತಿದ್ದೆ. ‘ಕುಟುಂಬದಲ್ಲಿ ಯಾರಿಗಾದರೂ ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಕೆಂಪು, ಕೀಲುನೋವು, ಪದೇ ಪದೇ ಗರ್ಭಪಾತ ಆಗಿದೆಯೇ?’ ನನ್ನ ಪೆನ್ನು ಅಲ್ಲೇ ನಿಂತಿತು.

ತಂಡದಲ್ಲಿದ್ದ ಡಾಕ್ಟರ್ ಶೈಲಜಾ ಎಂಬ ಹೆಣ್ಣುಮಗಳು ನನ್ನ ಮುಖ ನೋಡಿ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. ಎಂಟು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಅವರು ಒಂದು ಹಾಳೆಯ ಮೇಲೆ ನಮ್ಮ ವಂಶ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಕ್ಯಾತಮ್ಮನ ಸೊನ್ನೆಯನ್ನು ಪೂರ್ತಿ ಕಪ್ಪು ಮಾಡಿ ಅಡ್ಡಗೆರೆ ಎಳೆದರು, ಅಂದರೆ ಕಾಯಿಲೆ ಇತ್ತು, ತೀರಿಕೊಂಡಿದ್ದಾರೆ. ಅವಳ ಕೆಳಗೆ ಮೂರು ಪುಟ್ಟ ತ್ರಿಕೋನ, ಇಳಿದುಹೋದ ಮೂರು ಬಸಿರು. ಅವಳ ಬಗ್ಗೆ ಡಾಕ್ಟರರ ಪೆನ್ನೊಂದು ಬರೆದ ಮೊದಲ ನಿಜ ಅದು. ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತೆ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ನಿಮ್ಮ ಇಲಾಖೆಗೂ ಉಪಯೋಗವಾಗಲಿ. ಮೈಯನ್ನು ಕಾಯಬೇಕಾದ ಶಕ್ತಿ ದಾರಿ ತಪ್ಪಿ ಮೈಮೇಲೇ ಬೀಳುವುದು ಈ ಕಾಯಿಲೆ. ಕಾವಲಿಗೆ ಸಾಕಿದ ನಾಯಿ ನಮ್ಮ ಕುರಿಯನ್ನೇ ಹರಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ. ಹೆಚ್ಚಾಗಿ ಹೆರುವ ವಯಸ್ಸಿನ ಹೆಂಗಸರಿಗೆ ಬರುತ್ತದೆ. ಯುರೋಪಿನವರಿಗಿಂತ ಏಷ್ಯಾದವರಲ್ಲಿ ಹೆಚ್ಚು, ಕಿಡ್ನಿಗೆ ಇಳಿಯುವುದೂ ಹೆಚ್ಚು. ಇದಕ್ಕೆ ಒಂದೇ ಕಾರಣವಿಲ್ಲ. ಹುಟ್ಟುವಾಗ ತಂದೆತಾಯಿಯಿಂದ ಬಂದ ಹತ್ತಾರು ಸಣ್ಣ ವ್ಯತ್ಯಾಸಗಳು ಒಬ್ಬರಲ್ಲಿ ಒಟ್ಟಾದರೆ ಕಾಯಿಲೆಗೆ ದಾರಿಯಾಗುತ್ತದೆ, ಬಿಳಿಯರಲ್ಲಿ ಕಂಡ ವ್ಯತ್ಯಾಸಗಳೇ ನಮ್ಮಲ್ಲೂ ಇರಬೇಕೆಂದಿಲ್ಲ, ಅದಕ್ಕೇ ಈ ಹುಡುಕಾಟ. ಅಕ್ಕನಿಗೆ ಬಂದರೆ ತಂಗಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಬಿಸಿಲು ಈ ಕಾಯಿಲೆಯನ್ನು ಕೆರಳಿಸುತ್ತದೆ. ಬಿಸಿಲು, ಮಾನ್ಯರೇ! ನೆರಳಿನಲ್ಲಿ ಇಟ್ಟುಕೊಳ್ಳಬೇಕಾದವಳನ್ನು ನಾವು ಎರಡು ವರ್ಷ ಒಣಹಾಕಿದ್ದೆವು.

ಕೊನೆಗೆ ಅವರು ಹೇಳಿದ್ದು ಇದು. ಈ ಕಾಯಿಲೆ ಇದ್ದ ಕೆಲವರ ರಕ್ತ ನಿಮ್ಮ ಆ ಗುಪ್ತರೋಗದ ಪರೀಕ್ಷೆಯನ್ನು ಏಮಾರಿಸುತ್ತದೆ. ರೋಗ ಇಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ. ಗರ್ಭ ನಿಲ್ಲದಂತೆ ಮಾಡುವುದೂ ಇದರ ಜೊತೆಗೇ ಬರುತ್ತದೆ. ಇದು ವೈದ್ಯ ಕಲಿಯುವ ಹುಡುಗರ ಪುಸ್ತಕದಲ್ಲೇ ಇರುವ ಸಂಗತಿಯಂತೆ. ಆದ್ದರಿಂದಲೇ ಎರಡನೆಯ ಖಚಿತ ಪರೀಕ್ಷೆ ಮಾಡದೆ ಯಾರಿಗೂ ಆ ಹೆಸರು ಹೇಳಬಾರದು. “ಎರಡನೇ ಪರೀಕ್ಷೆ ಮಾಡಿಸ್ಲಿಲ್ವಾ ಅವರು?” ಎಂದು ಡಾಕ್ಟರಮ್ಮ ಕೇಳಿದರು. ನನಗೆ ಗೊತ್ತಿರಲಿಲ್ಲ.

ಅಂದು ಸಂಜೆಯೇ ಅವರು ಮನೆಗೆ ಬಂದು ರೂಪಳನ್ನು ನೋಡಿದರು. ಕೆನ್ನೆಯ ಕೆಂಪನ್ನು ರೂಪ ವರ್ಷದಿಂದ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು, ರೇಷ್ಮೆ ಎಳೆ ಹಿಡಿಯಲು ಬೆರಳು ಬಾಗುತ್ತಿರಲಿಲ್ಲ. ಮೂತ್ರದಲ್ಲಿ ಒಂದು ಪಟ್ಟಿ ಅದ್ದಿ ನೋಡಿದ ಡಾಕ್ಟರಮ್ಮನ ಮುಖ ಚಿಕ್ಕದಾಯಿತು. “ಇವರಿಗೂ ಅದೇ ಇರೋ ಹಾಗಿದೆ. ಕಿಡ್ನಿಗೆ ಇಳೀತಿದೆ. ಸದ್ಯಕ್ಕೆ ಒಂದು ಮಾತ್ರೆ ಬರೆದುಕೊಡ್ತೀನಿ. ದೊಡ್ಡ ಔಷಧಿ ಶುರು ಮಾಡೋಕೆ ರಕ್ತ ನೋಡ್ಲೇಬೇಕು, ತಿಂಗಳು ತಿಂಗಳೂ ನೋಡ್ಬೇಕು” ಎಂದು ಸೂಜಿ ತೆಗೆದರು. ರೂಪ ಎದ್ದು ಅಡುಗೆಮನೆಯ ಅಗುಳಿ ಹಾಕಿಕೊಂಡಳು. ಒಳಗಿಂದಲೇ ಹೇಳಿದಳು: “ಅಕ್ಕನ ರಕ್ತ ತಗಂಡು ಏನು ಕೊಟ್ರಿ? ನಂಗೆ ಸಾಯಾಕೆ ಹೆದ್ರಿಕೆ ಇಲ್ಲ ಡಾಕ್ಟ್ರಮ್ಮಾ, ಆ ಹೆಸ್ರು ಇಕ್ಕಂಡು ಸಾಯಲ್ಲ ಅಷ್ಟೆ.” ನನ್ನದೂ ಅವ್ವನದೂ ರಕ್ತ ಕೊಟ್ಟೆವು. ಈಗ ಅದು ಯಾವುದೋ ದೊಡ್ಡ ಊರಿನ ತಣ್ಣನೆ ಪೆಟ್ಟಿಗೆಯಲ್ಲಿ ಕೂತು ಏಷ್ಯಾ ಖಂಡದ ಪರವಾಗಿ ಸಾಕ್ಷಿ ಹೇಳುತ್ತಿದೆ. ಖಂಡಕ್ಕೆ ಒಳ್ಳೆಯದಾಗಲಿ. ನನಗೆ ಬೇಕಾಗಿರುವುದು ರೂಪಳ ರಕ್ತ, ಒಂದು ಸೀಸೆ.

ಎರಡನೆಯ ಪರೀಕ್ಷೆಯ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಹೊಸದಾಗಿ ಬಂದ ಮಾಹಿತಿ ಹಕ್ಕಿನಡಿ ಆಸ್ಪತ್ರೆಗೆ ಅರ್ಜಿ ಹಾಕಿದೆ, ಕ್ಯಾತಮ್ಮನ ಹೆಸರಿರುವ ರಿಜಿಸ್ಟರಿನ ಪುಟ ಕೊಡಿ ಎಂದು. ಬಂದ ಉತ್ತರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಬೇಕು: ‘ಸದರಿ ಮಾಹಿತಿಯು ರೋಗಿಯ ಗೋಪ್ಯತೆಗೆ ಸಂಬಂಧಿಸಿದ್ದಾದ್ದರಿಂದ ಒದಗಿಸಲು ಬರುವುದಿಲ್ಲ. ರೋಗಿಯು ಖುದ್ದು ಹಾಜರಾಗಿ ಸಹಿ ಮಾಡಿದಲ್ಲಿ ಪರಿಶೀಲಿಸಲಾಗುವುದು.’ ಕಿಟಕಿಯಿಂದ ಕೂಗಿದವರಿಗೆ ಒಂಬತ್ತು ವರ್ಷದ ಮೇಲೆ ಗೋಪ್ಯತೆ ನೆನಪಾಯಿತು. ಸತ್ತವಳು ಖುದ್ದು ಹಾಜರಾಗಬೇಕಂತೆ! ಅವಳು ಬರುವಂತಿದ್ದರೆ ಸಹಿ ಮಾಡಲು ಬರುತ್ತಿದ್ದಳೇ, ಮಾನ್ಯರೇ? ಮೇಲ್ಮನವಿ ಹಾಕಿದೆ. ಮೇಲ್ಮನವಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಎರಡು ತಾಲ್ಲೂಕಿನಲ್ಲಿಲ್ಲ. ಸೆಪ್ಟೆಂಬರ್ ಕೊನೆಗೆ ಆ ಪುಟದ ಜೆರಾಕ್ಸ್ ಕೈಗೆ ಬಂತು.

ಕ್ಯಾತಮ್ಮನ ಹೆಸರಿನ ಮುಂದೆ ಕೆಂಪು ಶಾಯಿಯ ಪಾಸಿಟಿವ್. ಪಕ್ಕದಲ್ಲಿ ಬೇರೆ ಕೈಬರಹದಲ್ಲಿ, ಖಚಿತ ಪರೀಕ್ಷೆಗೆ ಕಳುಹಿಸಿದೆ. ಯಾರೋ ಒಬ್ಬ ಪುಣ್ಯಾತ್ಮನಿಗೆ ಹೊಳೆದಿತ್ತು ನೋಡಿ. ಇಪ್ಪತ್ತಮೂರು ದಿನದ ನಂತರದ ತಾರೀಖು ಹಾಕಿ ಉತ್ತರವನ್ನೂ ಬರೆದಿದ್ದಾರೆ: ನೆಗೆಟಿವ್. ಅಂದರೆ ಆ ರೋಗ ಇಲ್ಲ. ಎಂದೂ ಇರಲಿಲ್ಲ. ಉತ್ತರದ ಚೀಟಿಯನ್ನು ಪುಟಕ್ಕೆ ಗುಂಡುಪಿನ್ನಿನಿಂದ ಚುಚ್ಚಿದ್ದು ಜೆರಾಕ್ಸಿನಲ್ಲೂ ಕಾಣುತ್ತದೆ. ಕೊನೆಯ ಅಂಕಣ, ಷರಾ. ಅಲ್ಲಿ ಎರಡೇ ಪದ: ‘ಪಾರ್ಟಿ ಬಂದಿಲ್ಲ.’

ಆ ಉತ್ತರ ಬಂದ ದಿನ ಕ್ಯಾತಮ್ಮ ಗುಡ್ಲಿಗೆ ಹೋಗಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಆಮೇಲೆ ಸುಮಾರು ಎರಡು ವರ್ಷ ಅವಳು ಬದುಕಿದ್ದಳು. ಅಷ್ಟು ದಿನವೂ ಅವಳ ಮಾನ ನಿಮ್ಮ ರಿಜಿಸ್ಟರಿನಲ್ಲಿ ಗುಂಡುಪಿನ್ನಿಗೆ ಸಿಕ್ಕಿಕೊಂಡು ತೂಗುತ್ತಿತ್ತು. ರೋಗ ಇದೆ ಎನ್ನಲು ನಾಲ್ಕು ಹಟ್ಟಿಗೆ ಕೇಳಿಸುವ ಗಂಟಲು ನಿಮಗಿತ್ತು. ಇಲ್ಲ ಎನ್ನಲು ಮೂರು ಸಾಲಿನ ಒಂದು ಕಾರ್ಡು ಬರೆಯಲಾಗಲಿಲ್ಲವೇ? ನಿಮ್ಮ ದಾದಿಯರು ಪೋಲಿಯೋ ಹನಿ ಹಾಕಲು ಅದೇ ಹಟ್ಟಿಗೆ ಬಂದು ಹೋಗಿದ್ದಾರಲ್ಲ, ಒಬ್ಬರ ಕೈಯಲ್ಲಿ ಹೇಳಿ ಕಳಿಸಲಾಗಲಿಲ್ಲವೇ? ಹೌದು, ಪಾರ್ಟಿ ಬರಲಿಲ್ಲ. ಪಾರ್ಟಿ ಎಂದರೆ ನಾನು. ಆ ಕಿಟಕಿಯ ಮುಂದೆ ಮತ್ತೆ ನಿಲ್ಲಲು ನಾಚಿಕೆಯಾಗಿ ನಾನು ಬರಲಿಲ್ಲ. ಈ ಪತ್ರದಲ್ಲಿ ನಿಮ್ಮನ್ನು ಬೈದಷ್ಟೂ ನನ್ನನ್ನೂ ಬೈದುಕೊಂಡಿದ್ದೇನೆ ಎಂದು ತಿಳಿಯಿರಿ, ಆದರೆ ಅದರಿಂದ ನಿಮ್ಮ ಪಾಲು ಕಡಿಮೆಯಾಗುವುದಿಲ್ಲ.

ಜೆರಾಕ್ಸನ್ನು ರೂಪಳ ಮುಂದೆ ಹಿಡಿದೆ. “ನೋಡವ್ವಾ, ಅಕ್ಕಂದು ನೆಗೆಟಿವ್ ಅಂತ ಬಂದೈತೆ” ಎಂದೆ. ಅವಳು ಬಹಳ ಹೊತ್ತು ಆ ಕಾಗದ ನೋಡಿದಳು. “ನೆಗೆಟಿವ್ ಅಂದ್ರೆ ಫೇಲು ಅಲ್ವೇನಣ್ಣಾ?” ಎಂದಳು. ಅಲ್ಲ ಕಣೇ, ಒಳ್ಳೇದು ಎಂದೆ. “ಅವತ್ತೂ ನೀನು ಪಾಸು ಅಂದಿದ್ದೆ, ಅಕ್ಕ ನಕ್ಕಿದ್ಲಂತೆ. ಆಮ್ಯಾಕೆ ಹಟ್ಟಿ ಮುಂದೆ ಚೀಟಿ ಓದ್ದೋನೂ ನೀನೇ. ನಿನ್ನ ಓದು ನಂಗೆ ಬ್ಯಾಡಣ್ಣಾ.” ನಾನು ಜೆರಾಕ್ಸ್ ಮಡಚತೊಡಗಿದೆ. ಅವಳೇ ಹೇಳಿದಳು: “ಅವತ್ತು ಕೂಗಿದ್ ಬಾಯೇ ಇಲ್ಲ ಅಂತ ಕೂಗ್ಲಿ. ಹಟ್ಟಿಯೋರು ಕೇಳ್ಲಿ, ನಾನೂ ಕೇಳ್ತೀನಿ. ಆಮೇಲೆ ಎಷ್ಟು ಸೀಸೆ ಬೇಕೋ ತಗಳ್ಲಿ.”

ಆ ಬಾಯಿಯ ಮಾಲೀಕರು ಈಗ ಬಡ್ತಿ ಪಡೆದು ನಿಮ್ಮ ಕಚೇರಿಯಲ್ಲೇ ದೊಡ್ಡ ಮೇಜಿನ ಹಿಂದೆ ಕೂತಿದ್ದಾರೆ, ವಿಚಾರಿಸಿಕೊಂಡಿದ್ದೇನೆ. ಗಂಟಲು ಇನ್ನೂ ಚೆನ್ನಾಗಿದೆಯಂತೆ. ನನ್ನ ಬೇಡಿಕೆ ಒಂದೇ. ಪರಿಹಾರ ಬೇಡ, ತನಿಖೆ ಬೇಡ, ವಿಷಾದ ವ್ಯಕ್ತಪಡಿಸುವ ಕಾಗದ ಬೇಡ. ಬರುವ ಸೋಮವಾರ ಅವರನ್ನು ನಿಮ್ಮ ಜೀಪಿನಲ್ಲಿ ಹತ್ತಿಸಿಕೊಂಡು ಜುಂಜಣ್ಣನ ಹಟ್ಟಿಗೆ ಬನ್ನಿ. ರೂಪಳನ್ನು ನಾನು ಕರೆತಂದಿರುತ್ತೇನೆ, ನೆರಳಿನಲ್ಲಿ ಕೂರಿಸಿರುತ್ತೇನೆ. ಆ ಗುಡ್ಲು ಇದ್ದ ಜಾಗದಲ್ಲಿ ಅವರನ್ನು ನಿಲ್ಲಿಸಿ. ಅಂದಿನಷ್ಟೇ ಜೋರಾಗಿ, ಒಂದೂ ಇಂಗ್ಲಿಷ್ ಪದವಿಲ್ಲದೆ ಕೂಗಲಿ: ಕ್ಯಾತಮ್ಮ ಗಂಡ ಜುಂಜಣ್ಣ ಅನ್ನೋಳ್ಗೆ ಆ ರೋಗ ಇರ್ಲಿಲ್ಲ! ಬರುವಾಗ ಸೂಜಿ, ಸೀಸೆ ಮರೆಯದೆ ತನ್ನಿ. ಅವಳು ಆ ಕ್ಷಣದಲ್ಲಿ ತೋಳು ಚಾಚಿದರೆ, ಕಾಯಿಸಬೇಡಿ.

ಇಂತಿ,
ಒಂಬತ್ತು ವರ್ಷ ತಡವಾಗಿ ಬಂದು ನಿಂತಿರುವ
ಪಾರ್ಟಿ

(ಚಂದ್ರಣ್ಣ, ಅರ್ಜಿ ಬರಹಗಾರ, ಮೊಳಕಾಲ್ಮೂರು. ಅಕ್ಟೋಬರ್ ೨೦೦೬)